ರೆಪ್ರೆಸರ್ ಕೂತಿದ್ದರೆ ಜೀನ್ ಪೂರ್ತಿ ಬಂದ್ ಅಲ್ವಾ? ಹಾಗಾದರೆ ಮೊದಲ ಲ್ಯಾಕ್ಟೋಸ್ ಒಳಗೆ ಬಂದದ್ದು ಹೇಗೆ?

ಅರ್ಧಓದು:
ನಮಸ್ಕಾರ ಎಲ್ಲರಿಗೂ. ಲ್ಯಾಕ್ ಆಪೆರಾನ್ (ಲ್ಯಾಕ್ಟೋಸ್ ಬಳಸೋದಕ್ಕೆ ಬೇಕಾದ, ಒಟ್ಟಿಗೇ ಆನ್-ಆಫ್ ಆಗುವ ಜೀನ್‌ಗಳ ಗುಂಪು) ಓದುತ್ತಾ ಕೂತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪುಸ್ತಕದ ಕಥೆ ಇಷ್ಟು. ಲ್ಯಾಕ್ಟೋಸ್ ಇಲ್ಲದಾಗ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ರೆಪ್ರೆಸರ್ ಪ್ರೋಟೀನ್ ಹೋಗಿ ಆಪರೇಟರ್ ಅನ್ನೋ ಡಿಎನ್‌ಎ ತುಣುಕಿನ ಮೇಲೆ ಕೂರುತ್ತದೆ. ಜೀನ್ ಓದಿ ಎಂಆರ್‌ಎನ್‌ಎ ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್‌ಗೆ ದಾರಿ ಇಲ್ಲ, ಜೀನ್ ಬಂದ್. ಲ್ಯಾಕ್ಟೋಸ್ ಬಂದರೆ ಅದರಿಂದ ಆಗುವ ಅಲೊಲ್ಯಾಕ್ಟೋಸ್ ರೆಪ್ರೆಸರ್‌ಗೆ ಅಂಟಿಕೊಂಡು ಅದನ್ನು ಎಬ್ಬಿಸುತ್ತದೆ, ಜೀನ್ ಶುರು. ಇಲ್ಲಿವರೆಗೆ ಸರಿ.

ಆದರೆ ಲ್ಯಾಕ್ಟೋಸ್ ಕೋಶದ ಒಳಗೆ ಬರೋದಕ್ಕೆ ಪರ್ಮಿಯೇಸ್ ಬೇಕು. ಅದನ್ನು ಕೊಡುವುದು ಲ್ಯಾಕ್‌ವೈ ಜೀನ್. ಬಂದ ಲ್ಯಾಕ್ಟೋಸನ್ನು ಅಲೊಲ್ಯಾಕ್ಟೋಸ್ ಮಾಡೋದಕ್ಕೆ ಬೀಟಾ-ಗ್ಯಾಲಕ್ಟೊಸಿಡೇಸ್ ಬೇಕು. ಅದನ್ನು ಕೊಡುವುದು ಲ್ಯಾಕ್‌ಝಡ್. ಎರಡೂ ಇರುವುದು ಬಂದ್ ಆಗಿರುವ ಇದೇ ಆಪೆರಾನ್‌ನಲ್ಲಿ! ಹಾಗಾದರೆ ಮೊದಲ ಅಣು ಒಳಗೆ ಬಂದದ್ದು ಹೇಗೆ?

ಇನ್ನೊಂದು ಡೌಟು. ಒಂದು ಕೋಶದಲ್ಲಿ ಈ ರೆಪ್ರೆಸರ್ ಸುಮಾರು 10 ಮಾತ್ರ ಇರುತ್ತವಂತೆ. ಡಿಎನ್‌ಎ ಉದ್ದ 46 ಲಕ್ಷ ಬೇಸ್ ಜೋಡಿ. ಅಷ್ಟರಲ್ಲಿ ತನ್ನ ಜಾಗವನ್ನು ಅದು ಹೇಗೆ ಹುಡುಕುತ್ತೆ?

ಸುಮ್ಸುಮ್ನೆ:
ಸೋರುತ್ತೆ. ಅಷ್ಟೇ ಉತ್ತರ.

ಅರ್ಧಓದು:
ಸೋರುತ್ತೆ ಅಂದ್ರೆ? ಸ್ವಲ್ಪ ಬಿಡಿಸಿ ಹೇಳಿ.

ಪೆಟ್ರಿತಟ್ಟೆ:
ನಾನು ಹೇಳ್ತೀನಿ. ಚಿತ್ರದಲ್ಲಿ ರೆಪ್ರೆಸರ್‌ನ ಆಪರೇಟರ್ ಮೇಲೆ ಅಂಟಿಸಿ ಬರೆದಿರುತ್ತಾರೆ, ಅದನ್ನು ನೋಡಿ ನಾವೆಲ್ಲ ಅದು ಬೀಗ ಅಂದುಕೊಳ್ಳುತ್ತೇವೆ. ಬೀಗ ಅಲ್ಲ ಅದು, ಹೊಸ್ತಿಲಿಗೆ ಅಡ್ಡ ಮಲಗಿದ ಬೆಕ್ಕು. ಯಾರೂ ಎಬ್ಬಿಸದಿದ್ದರೂ ಆಗಾಗ ತಾನೇ ಎದ್ದು ಹೋಗುತ್ತೆ. ಮತ್ತೆ ಅದೇ ಅಥವಾ ಇನ್ನೊಂದು ಬಂದು ಮಲಗೋದರೊಳಗೆ ಪಾಲಿಮರೇಸ್ ನುಗ್ಗಿಬಿಟ್ಟರೆ ಒಂದು ಎಂಆರ್‌ಎನ್‌ಎ ತಯಾರು. ಆ ಎಂಆರ್‌ಎನ್‌ಎ ಕೆಲವೇ ನಿಮಿಷ ಬದುಕುತ್ತೆ ನಿಜ, ಆದರೆ ಅಷ್ಟರಲ್ಲಿ ಒಂದಷ್ಟು ಪರ್ಮಿಯೇಸ್, ಒಂದಷ್ಟು ಬೀಟಾ-ಗ್ಯಾಲಕ್ಟೊಸಿಡೇಸ್ ಆಗಿಬಿಡುತ್ತವೆ. ಹೊರಗೆ ಲ್ಯಾಕ್ಟೋಸ್ ಇದ್ದರೆ ಶುರುವಾಗೋದಕ್ಕೆ ಅಷ್ಟು ಸಾಕು.

ಬಂದ್ ಸ್ಥಿತಿಗೂ ಪೂರ್ತಿ ತೆರೆದ ಸ್ಥಿತಿಗೂ ಕಿಣ್ವದ ಪ್ರಮಾಣದಲ್ಲಿ ಸುಮಾರು 1000 ಪಟ್ಟು ವ್ಯತ್ಯಾಸ ಇದೆ. ಸಾವಿರದಲ್ಲಿ ಒಂದು ಪಾಲು ಅಂದ್ರೆ ಸೊನ್ನೆ ಅಲ್ಲ. ಬ್ಯಾಕ್ಟೀರಿಯಾಕ್ಕೆ ಬೇಕಾಗಿರೋದೇ ಆ ಒಂದು ಪಾಲು.

ಮೂರನೇಬೆಂಚು:
ನಾನು ಇದನ್ನೇ ಪರೀಕ್ಷೆಯಲ್ಲಿ ಬರೆದು ಅರ್ಧ ಅಂಕ ಕಳ್ಕೊಂಡೆ. ಕೀ ಉತ್ತರದಲ್ಲಿ ‘ಸಂಪೂರ್ಣವಾಗಿ ತಡೆಯುತ್ತದೆ’ ಅಂತ ಇತ್ತಂತೆ.

ತಕರಾರು:
ಅಂಕ ಬೇಕಂದ್ರೆ ಕೀ ಉತ್ತರ ಬರೀರಿ, ಅರ್ಥ ಆಗ್ಬೇಕಂದ್ರೆ ಇಲ್ಲಿಗೆ ಬನ್ನಿ.

ಪೆಟ್ರಿತಟ್ಟೆ ಅವರ ಮಾತಿಗೆ ಒಂದು ತಿದ್ದುಪಡಿ. ಬೆಕ್ಕು ಒಂದೇ ಹೊಸ್ತಿಲಲ್ಲಿ ಮಲಗೋದಿಲ್ಲ. ಲ್ಯಾಕ್ ಆಪೆರಾನ್‌ನಲ್ಲಿ ಆಪರೇಟರ್ ಮೂರು ಇವೆ. ಮುಖ್ಯವಾದದ್ದು ಓ1. ಓ2 ಅದಕ್ಕಿಂತ 401 ಬೇಸ್ ಜೋಡಿ ಮುಂದೆ, ಲ್ಯಾಕ್‌ಝಡ್ ಜೀನ್‌ನ ಒಳಗೇ ಇದೆ. ಓ3 ಇರೋದು 92 ಬೇಸ್ ಜೋಡಿ ಹಿಂದೆ. ಲ್ಯಾಕ್ ರೆಪ್ರೆಸರ್ ನಾಲ್ಕು ತುಂಡಿನ ಪ್ರೋಟೀನ್, ಎರಡೆರಡು ಸೇರಿ ಎರಡು ಕೈ ಇದ್ದ ಹಾಗೆ. ಒಂದು ಕೈ ಓ1 ಹಿಡಿದರೆ ಇನ್ನೊಂದು ಓ2 ಅಥವಾ ಓ3 ಹಿಡಿಯುತ್ತೆ, ನಡುವಿನ ಡಿಎನ್‌ಎ ಕುಣಿಕೆಯಾಗಿ ಬಾಗುತ್ತೆ. ಒಂದು ಕೈ ಬಿಟ್ಟರೂ ಇನ್ನೊಂದು ಹಿಡಿದೇ ಇರುತ್ತೆ, ಹಾಗಾಗಿ ಬಿಟ್ಟ ಕೈ ಬೇಗ ವಾಪಸ್ ಬರುತ್ತೆ.

1990ರಲ್ಲಿ ಮ್ಯುಲರ್-ಹಿಲ್ ಅವರ ತಂಡ ಇದನ್ನು ಅಳೆದಿದೆ. ಮೂರೂ ಆಪರೇಟರ್ ಇದ್ದಾಗ ತಡೆ ಸುಮಾರು 1300 ಪಟ್ಟು. ಓ2, ಓ3 ಎರಡನ್ನೂ ಕೆಡಿಸಿದರೆ 18 ಪಟ್ಟಿಗೆ ಇಳಿಯಿತು. ಒಂದನ್ನು ಮಾತ್ರ ಕೆಡಿಸಿದರೆ ಎರಡು ಮೂರು ಪಟ್ಟು ಕಮ್ಮಿ ಆಯಿತು, ಅಷ್ಟೇ. ಬಹಳ ಪುಸ್ತಕಗಳು ಈ ಎರಡು ಆಪರೇಟರ್ ಹೆಸರನ್ನೇ ಎತ್ತೋದಿಲ್ಲ.

ಅರ್ಧಓದು:
ಅಬ್ಬ! ನನ್ನ ಪುಸ್ತಕದಲ್ಲಿ ಒಂದೇ ಆಪರೇಟರ್ ಇದೆ.

ಲೆಕ್ಕದಮೇಷ್ಟ್ರು:
ಎರಡನೇ ಡೌಟಿಗೆ ಬರೋಣ. ಇ. ಕೋಲೈ ಕೋಶದ ಗಾತ್ರ ಸುಮಾರು ಒಂದು ಫೆಮ್ಟೊಲೀಟರ್. ಅಷ್ಟು ಚಿಕ್ಕ ಜಾಗದಲ್ಲಿ ಒಂದೇ ಒಂದು ಅಣು ಇದ್ದರೂ ಅದರ ಸಾಂದ್ರತೆ ಒಂದೂವರೆ ನ್ಯಾನೊಮೋಲಾರ್ ದಾಟುತ್ತೆ. ಹತ್ತು ಇದ್ದರೆ ಹತ್ತಿಪ್ಪತ್ತು ನ್ಯಾನೊಮೋಲಾರ್. ಓ1 ಮೇಲಿನ ಹಿಡಿತಕ್ಕೆ ಇದಕ್ಕಿಂತ ಎಷ್ಟೋ ಪಟ್ಟು ಕಮ್ಮಿ ಸಾಂದ್ರತೆ ಸಾಕು. ಹತ್ತು ಅನ್ನೋದು ಕಡಿಮೆ ಅನಿಸೋದು ನಾವು ನಮ್ಮ ಗಾತ್ರದಲ್ಲಿ ಯೋಚಿಸೋದರಿಂದ.

ಹುಡುಕೋದು ಹೇಗೆ ಅನ್ನೋದು ಇನ್ನೂ ಚೆನ್ನಾಗಿದೆ. 1970ರಲ್ಲಿ ರಿಗ್ಸ್, ಬೂರ್ಜ್ವಾ, ಕೋನ್ ಮೂವರು ಪ್ರನಾಳದಲ್ಲಿ ಅಳೆದಾಗ, ನೀರಿನಲ್ಲಿ ಸುಮ್ನೆ ತೇಲಿಕೊಂಡು ಡಿಕ್ಕಿ ಹೊಡೆದರೆ ಎಷ್ಟು ವೇಗ ಸಾಧ್ಯವೋ ಅದಕ್ಕಿಂತ ಜಾಸ್ತಿ ವೇಗದಲ್ಲಿ ರೆಪ್ರೆಸರ್ ಆಪರೇಟರ್‌ಗೆ ಸೇರುತ್ತಿತ್ತು. ಕಾರಣ ಏನಂದ್ರೆ ಅದು ಮೊದಲು ಎಲ್ಲೋ ಒಂದು ಕಡೆ ಡಿಎನ್‌ಎ ಮೇಲೆ ಸಡಿಲವಾಗಿ ಕೂರುತ್ತೆ, ಸ್ವಲ್ಪ ದೂರ ಜಾರುತ್ತೆ, ಎದ್ದು ಪಕ್ಕಕ್ಕೆ ಹಾರುತ್ತೆ, ಮತ್ತೆ ಜಾರುತ್ತೆ. 2007ರಲ್ಲಿ ಜೀವಂತ ಕೋಶದಲ್ಲಿ ಒಂದೊಂದೇ ರೆಪ್ರೆಸರ್‌ಗೆ ಹೊಳೆಯುವ ಪ್ರೋಟೀನ್ ಅಂಟಿಸಿ ನೋಡಿದರು. ಹತ್ತಿರ ಹತ್ತಿರ 90 ಶೇಕಡಾ ಹೊತ್ತು ಅದು ಯಾವುದೋ ಸಂಬಂಧವಿಲ್ಲದ ಡಿಎನ್‌ಎ ಮೇಲೇ ಇರುತ್ತೆ. ಒಂದು ಕಡೆ ಕೂತರೆ 5 ಮಿಲಿಸೆಕೆಂಡ್ ಒಳಗೆ ಎದ್ದುಬಿಡುತ್ತೆ. ಒಂದೇ ಒಂದು ರೆಪ್ರೆಸರ್ ಇದ್ದರೂ ಆರು ನಿಮಿಷದೊಳಗೆ ತನ್ನ ಆಪರೇಟರ್ ಹುಡುಕಿಕೊಳ್ಳುತ್ತೆ ಅನ್ನೋದು ಅವರ ಲೆಕ್ಕ. ಹತ್ತು ಇದ್ದರೆ ಅರ್ಧ ನಿಮಿಷದ ಮಾತು.

ಸುಮ್ಸುಮ್ನೆ:
ಮೇಷ್ಟ್ರೇ, ನನ್ನ ಕನ್ನಡಕ ಹುಡುಕೋಕೆ ಅರ್ಧ ಗಂಟೆ ಬೇಕು ನನಗೆ.

ನೀಲಿಕಾಲೊನಿ:
‘ಅಲೊಲ್ಯಾಕ್ಟೋಸ್ ಎಬ್ಬಿಸುತ್ತದೆ’ ಅನ್ನೋದನ್ನೂ ಸರಿಪಡಿಸಬೇಕು. ಅದು ಬಂದು ಕೈ ಹಿಡಿದು ಎಳೆಯೋದಿಲ್ಲ. ರೆಪ್ರೆಸರ್‌ನ ಇನ್ನೊಂದು ಭಾಗಕ್ಕೆ ಅಂಟಿಕೊಂಡಾಗ ಪ್ರೋಟೀನ್‌ನ ಆಕಾರ ಸ್ವಲ್ಪ ತಿರುಗುತ್ತೆ. ಡಿಎನ್‌ಎ ಹಿಡಿಯೋ ಎರಡು ತಲೆಗಳು ಆಪರೇಟರ್‌ನ ತೋಡಿನಲ್ಲಿ ಮೊದಲಿನಂತೆ ಕೂರೋದಿಲ್ಲ. ಆಪರೇಟರ್ ಮೇಲಿನ ಹಿಡಿತ ಸುಮಾರು 1000 ಪಟ್ಟು ಸಡಿಲ ಆಗುತ್ತೆ. ಬೇರೆ ಡಿಎನ್‌ಎ ಮೇಲಿನ ಹಿಡಿತ ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ಹಾಗಾಗಿ ಎದ್ದ ರೆಪ್ರೆಸರ್ ಎಲ್ಲೋ ತೇಲಿಕೊಂಡು ಹೋಗೋದಿಲ್ಲ. ಉಳಿದ 46 ಲಕ್ಷ ಜೋಡಿಯಲ್ಲಿ ಎಲ್ಲೋ ಒಂದು ಕಡೆ ಕೂತಿರುತ್ತೆ, ಅಷ್ಟೇ.

ತಕರಾರು:
ಇದಕ್ಕೆ ಪೂರ್ತಿ ಸಹಮತ. ಅಪರೂಪಕ್ಕೆ.

ಹಳೇಪುಟ:
ಇತಿಹಾಸ ಇಷ್ಟ ಇರುವವರಿಗೆ ಸ್ವಲ್ಪ. ಪಾರ್ಡಿ, ಜಾಕೋಬ್, ಮೊನೋ ಮೂವರು 1959ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಕಥೆ ಶುರು. ಸರಿಯಾದ ಲ್ಯಾಕ್‌ಐ (ರೆಪ್ರೆಸರ್ ಕೊಡುವ ಜೀನ್), ಲ್ಯಾಕ್‌ಝಡ್ ಜೀನ್‌ಗಳನ್ನು, ಅವೆರಡೂ ಕೆಟ್ಟುಹೋಗಿರುವ ಬ್ಯಾಕ್ಟೀರಿಯಾದೊಳಗೆ ಸಂಯೋಗದ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಡಿಎನ್‌ಎ ದಾಟಿಸೋದು) ಮೂಲಕ ಕಳಿಸಿದರು. ಹೋದ ತಕ್ಷಣ ಕಿಣ್ವ ತಯಾರಾಗೋಕೆ ಶುರು, ಇಂಡ್ಯೂಸರ್ (ಅಲೊಲ್ಯಾಕ್ಟೋಸ್ ಥರ ರೆಪ್ರೆಸರ್ ಎಬ್ಬಿಸುವ ವಸ್ತು) ಇಲ್ಲದೇನೇ. ಒಂದೆರಡು ಗಂಟೆ ಆದಮೇಲೆ ನಿಂತುಹೋಯಿತು. ಆಗ ಇಂಡ್ಯೂಸರ್ ಹಾಕಿದರೆ ಮತ್ತೆ ಶುರು. ಅಂದ್ರೆ ಹೊಸ ಕೋಶದಲ್ಲಿ ಯಾವುದೋ ವಸ್ತು ನಿಧಾನವಾಗಿ ಸೇರುತ್ತಾ ಹೋಗಿ ಜೀನ್‌ಗೆ ತಡೆ ಹಾಕುತ್ತಿದೆ. ಆ ವಸ್ತುವೇ ರೆಪ್ರೆಸರ್.

ತಮಾಷೆ ಏನಂದ್ರೆ, 1961ರ ಅವರ ದೊಡ್ಡ ಲೇಖನದಲ್ಲಿ ರೆಪ್ರೆಸರ್ ಬಹುಶಃ ಆರ್‌ಎನ್‌ಎ ಇರಬೇಕು ಅನ್ನೋ ಕಡೆಗೇ ವಾಲಿದ್ದರು. ಜಾಕೋಬ್, ಮೊನೋ, ಲ್ವಾಫ್ ಅವರಿಗೆ 1965ರಲ್ಲಿ ನೊಬೆಲ್ ಬಂದಾಗಲೂ ರೆಪ್ರೆಸರನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ! 1966ರಲ್ಲಿ ವಾಲ್ಟರ್ ಗಿಲ್ಬರ್ಟ್, ಬೆನ್ನೊ ಮ್ಯುಲರ್-ಹಿಲ್ ಹಿಡಿದರು. ವಿಧಾನ ಸರಳ. ಕೋಶದ ರಸವನ್ನು ಡಯಾಲಿಸಿಸ್ ಚೀಲದೊಳಗೆ ಹಾಕಿ, ವಿಕಿರಣ ಗುರುತಿರುವ ಐಪಿಟಿಜಿ (ಕೃತಕ ಇಂಡ್ಯೂಸರ್) ದ್ರಾವಣದಲ್ಲಿ ಮುಳುಗಿಸಿದರು. ಐಪಿಟಿಜಿ ಚೀಲದ ಒಳಗೂ ಹೊರಗೂ ಓಡಾಡಬಲ್ಲದು, ಪ್ರೋಟೀನ್ ಹೊರಗೆ ಬರಲಾರದು. ಕೊನೆಗೆ ಅಳೆದರೆ ಒಳಗೆ ಐಪಿಟಿಜಿ ಸ್ವಲ್ಪ ಜಾಸ್ತಿ ಇತ್ತು. ಅದನ್ನು ಹಿಡಿದಿಟ್ಟುಕೊಂಡದ್ದು ಯಾರು? ರೆಪ್ರೆಸರ್. ಕೋಶಕ್ಕೆ ಹತ್ತೇ ಇರುವ ಪ್ರೋಟೀನ್‌ನ ಹೀಗೆ ಹಿಡಿಯೋಕೆ ಐಪಿಟಿಜಿಯನ್ನು ಇನ್ನೂ ಬಿಗಿಯಾಗಿ ಹಿಡಿಯುವ ಮ್ಯುಟೆಂಟ್ ಹುಡುಕಿಕೊಳ್ಳಬೇಕಾಯಿತು. ಮರುವರ್ಷ ಮಾರ್ಕ್ ಟಾಶ್ನೆ ಲ್ಯಾಂಬ್ಡಾ ಫೇಜ್‌ನ (ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್) ರೆಪ್ರೆಸರ್ ಹಿಡಿದರು.

ಮೂರನೇಬೆಂಚು:
ಇಂಥದ್ದನ್ನು ಯಾಕೆ ಪಾಠದಲ್ಲಿ ಹೇಳಲ್ಲ? ಇದು ಪತ್ತೇದಾರಿ ಕಥೆ ಇದ್ದ ಹಾಗಿದೆ.

ಪೆಟ್ರಿತಟ್ಟೆ:
ಸಿಲಬಸ್ ಮುಗಿಸಬೇಕಲ್ಲ ಮಾರಾಯ್ರೇ.

ವಿಷಯಕ್ಕೆ ಬರೋಣ. ಗ್ಲುಕೋಸ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ರೆಪ್ರೆಸರ್ ಎದ್ದುಹೋದರೂ ಗ್ಲುಕೋಸ್ ಇದ್ದರೆ ಆಪೆರಾನ್ ಜೋರಾಗಿ ಓಡೋದಿಲ್ಲ. ಗ್ಲುಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ ಅನ್ನೋ ಸಂಕೇತ ಅಣು ಕಮ್ಮಿ, ಅದು ಅಂಟಿಕೊಂಡರೇ ಕೆಲಸ ಮಾಡೋ ಕ್ಯಾಪ್ ಪ್ರೋಟೀನ್ ಬಂದು ಪಾಲಿಮರೇಸ್‌ಗೆ ಸಹಾಯ ಮಾಡಲ್ಲ.

ತಕರಾರು:
ಇದೇ ನೋಡಿ ನನಗೆ ಬೇಸರ ತರಿಸೋ ವಿವರಣೆ. ಕ್ಯಾಪ್ ಇರೋದು ನಿಜ, ಅದು ಪಾಲಿಮರೇಸ್‌ಗೆ ಸಹಾಯ ಮಾಡೋದೂ ನಿಜ. ಆದರೆ ಇ. ಕೋಲೈ ಗ್ಲುಕೋಸ್ ತಿನ್ನುತ್ತಾ ಬೆಳೆಯುವಾಗಲೂ ಲ್ಯಾಕ್ಟೋಸ್ ತಿನ್ನುತ್ತಾ ಬೆಳೆಯುವಾಗಲೂ ಸೈಕ್ಲಿಕ್ ಎಎಂಪಿ ಮಟ್ಟ ಹೆಚ್ಚುಕಮ್ಮಿ ಒಂದೇ ಇರುತ್ತೆ ಅಂತ ಜಪಾನಿನ ಐಬಾ ತಂಡ 1996ರಲ್ಲೇ ತೋರಿಸಿದೆ. ಗ್ಲುಕೋಸ್, ಲ್ಯಾಕ್ಟೋಸ್ ಎರಡೂ ಇದ್ದಾಗ ಮೊದಲು ಗ್ಲುಕೋಸ್ ಮಾತ್ರ ಖರ್ಚಾಗೋದಕ್ಕೆ ಮುಖ್ಯ ಕಾರಣ ಬೇರೆ. ಗ್ಲುಕೋಸನ್ನು ಒಳಗೆ ತರೋ ವ್ಯವಸ್ಥೆಯ ಒಂದು ಪ್ರೋಟೀನ್ ಹೋಗಿ ಲ್ಯಾಕ್ಟೋಸ್ ಪರ್ಮಿಯೇಸನ್ನು ಹಿಡಿದು ನಿಲ್ಲಿಸುತ್ತೆ. ಲ್ಯಾಕ್ಟೋಸ್ ಒಳಗೇ ಬರೋದಿಲ್ಲ. ಇಂಡ್ಯೂಸರ್ ಇಲ್ಲ, ಹಾಗಾಗಿ ರೆಪ್ರೆಸರ್ ಕೂತೇ ಇರುತ್ತೆ. ಅಂದ್ರೆ ಅಲ್ಲೂ ಕೊನೆಗೆ ಕೆಲಸ ಮಾಡ್ತಿರೋದು ರೆಪ್ರೆಸರೇ.

ಪೆಟ್ರಿತಟ್ಟೆ:
ಮುಖ್ಯ ಕಾರಣ ಅನ್ನಿ, ಒಪ್ತೀನಿ. ಆದರೆ ಕ್ಯಾಪ್ ಜೀನ್ ತೆಗೆದುಹಾಕಿದರೆ ಲ್ಯಾಕ್ಟೋಸ್ ಮೇಲೆ ಸರಿಯಾಗಿ ಬೆಳೆಯೋದೇ ಇಲ್ಲ. ಅದನ್ನು ಪಕ್ಕಕ್ಕೆ ತಳ್ಳೋಕೆ ಆಗಲ್ಲ.

ತಕರಾರು:
ತಳ್ಳಿಲ್ಲ ಕಣ್ರೀ. ಗ್ಲುಕೋಸ್ ಕಥೆಯನ್ನೆಲ್ಲ ಅದರ ತಲೆಗೆ ಕಟ್ಟಬೇಡಿ ಅಂದೆ.

ಫೇಜ್‌ಪ್ರಿಯ:
ಎಲ್ಲರೂ ಲ್ಯಾಕ್ ಲ್ಯಾಕ್ ಅಂತಿದ್ದೀರಿ. ರೆಪ್ರೆಸರ್ ಲೋಕ ಅದಕ್ಕಿಂತ ದೊಡ್ಡದು.

ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲ ತಯಾರಿಸೋ ಜೀನ್‌ಗಳನ್ನು ಕಾಯೋ ಟ್ರಿಪ್ ರೆಪ್ರೆಸರ್ ಉಲ್ಟಾ ಕೆಲಸ ಮಾಡುತ್ತೆ. ಟ್ರಿಪ್ಟೋಫ್ಯಾನ್ ಬಂದು ಅಂಟಿಕೊಂಡಾಗಲೇ ಅದು ಡಿಎನ್‌ಎ ಮೇಲೆ ಕೂರೋದು. ಸರಕು ಸಾಕಷ್ಟಿದೆ, ತಯಾರಿ ನಿಲ್ಲಿಸು ಅನ್ನೋ ಥರ. ಫರ್ ಪ್ರೋಟೀನ್ ಕಬ್ಬಿಣದ ಅಯಾನು ಹಿಡಿದುಕೊಂಡು ಕೂರುತ್ತೆ. ಗಂಟಲಮಾರಿ ಬ್ಯಾಕ್ಟೀರಿಯಾದಲ್ಲೂ ಇಂಥದ್ದೇ ಒಂದಿದೆ, ಡಿಟಿಎಕ್ಸ್‌ಆರ್. ಕಬ್ಬಿಣ ಇದ್ದಾಗ ವಿಷದ ಜೀನ್ ಬಂದ್. ನಮ್ಮ ಮೈಯೊಳಗೆ ಬಿಡಿ ಕಬ್ಬಿಣ ತೀರಾ ಕಮ್ಮಿ, ಆಗ ರೆಪ್ರೆಸರ್ ಎದ್ದುಹೋಗಿ ವಿಷ ತಯಾರಾಗುತ್ತೆ. ಅದಕ್ಕಿಂತ ಸೋಜಿಗ ಅಂದ್ರೆ ವಿಷದ ಜೀನ್ ಬಂದದ್ದು ಫೇಜ್ ಜೊತೆಗೆ, ಅದಕ್ಕೆ ಕಡಿವಾಣ ಹಾಕೋ ರೆಪ್ರೆಸರ್ ಮಾತ್ರ ಬ್ಯಾಕ್ಟೀರಿಯಾದ್ದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೆಕ್ಸ್‌ಎ. ಇದಕ್ಕೆ ಸಕ್ಕರೆ, ಅಯಾನು ಯಾವುದೂ ಬೇಡ. ಇ. ಕೋಲೈನಲ್ಲಿ ಸುಮಾರು 40 ಜೀನ್‌ಗಳ ಮೇಲೆ ಕೂತಿರುತ್ತೆ. ಯುವಿ ಬಿದ್ದು ಡಿಎನ್‌ಎ ಹಾಳಾದರೆ ಒಂಟಿ ಎಳೆಯ ಡಿಎನ್‌ಎ ಹೊರಗೆ ಬೀಳುತ್ತೆ, ಅದರ ಮೇಲೆ ರೆಕ್‌ಎ ಪ್ರೋಟೀನ್ ಸಾಲಾಗಿ ಜೋಡಿಸಿಕೊಳ್ಳುತ್ತೆ. ಆ ಸಾಲಿಗೆ ತಾಗಿದ ಲೆಕ್ಸ್‌ಎ ತನ್ನನ್ನು ತಾನೇ ಎರಡು ತುಂಡಾಗಿ ಕತ್ತರಿಸಿಕೊಳ್ಳುತ್ತೆ! ಕೋಶದಲ್ಲಿ ಲೆಕ್ಸ್‌ಎ ಕಮ್ಮಿಯಾಗುತ್ತಾ ಹೋದಂತೆ ಮೊದಲು ಸಡಿಲ ಹಿಡಿತದ ಜೀನ್‌ಗಳು ತೆರೆದುಕೊಳ್ಳುತ್ತವೆ. ಕೆಟ್ಟ ತುಂಡನ್ನು ಕತ್ತರಿಸಿ ಸರಿಮಾಡುವ ಯುವಿಆರ್‌ಎ ಅಂಥದ್ದು. ಬಿಗಿ ಹಿಡಿತದವು ತಡವಾಗಿ ತೆರೆಯುತ್ತವೆ. ಕೋಶ ವಿಭಜನೆಯನ್ನೇ ನಿಲ್ಲಿಸುವ ಸುಲ್‌ಎ, ತಪ್ಪು ಮಾಡಿಕೊಂಡಾದರೂ ನಕಲು ಮುಂದುವರಿಸುವ ಉಮುಡಿಸಿ ಆ ಸಾಲಿಗೆ ಸೇರಿದವು. ಹಾನಿ ಸಣ್ಣದಿದ್ದರೆ ಅಲ್ಲಿವರೆಗೆ ಹೋಗೋ ಅಗತ್ಯವೇ ಬರೋದಿಲ್ಲ. ಬೇರೆ ಬೇರೆ ಆಪರೇಟರ್‌ಗಳಲ್ಲಿ ಕೆಲವು ಅಕ್ಷರ ಬದಲಾಯಿಸಿ ಯಾರು ಮೊದಲು ಯಾರು ಆಮೇಲೆ ಅಂತ ಪಟ್ಟಿ ಬರೆದಿಟ್ಟಿದೆ ಬ್ಯಾಕ್ಟೀರಿಯಾ.

ಲ್ಯಾಂಬ್ಡಾದ ಸಿಐ ರೆಪ್ರೆಸರ್ ಕೂಡ ಇದೇ ರೆಕ್‌ಎ ನೋಡಿ ಕತ್ತರಿಸಿಕೊಳ್ಳುತ್ತೆ. ಮನೆ ಮುಳುಗೋ ಹೊತ್ತಿಗೆ ಫೇಜ್ ಹೊರಗೆ ಹಾರಿಬಿಡುತ್ತೆ.

ಅರ್ಧಓದು:
ಲೆಕ್ಸ್‌ಎ ತುಂಡಾಗಿಹೋದರೆ ಆಮೇಲೆ ಮತ್ತೆ ಬಂದ್ ಮಾಡೋದು ಯಾರು?

ಫೇಜ್‌ಪ್ರಿಯ:
ಆ 40ರಲ್ಲಿ ಲೆಕ್ಸ್‌ಎ ಜೀನೂ ಒಂದು. ತಾನು ಕಮ್ಮಿಯಾದರೆ ತನ್ನದೇ ಜೀನ್ ತೆರೆದುಕೊಂಡು ಹೊಸ ಲೆಕ್ಸ್‌ಎ ಬರುತ್ತಲೇ ಇರುತ್ತೆ. ಹಾನಿ ಇರೋವರೆಗೆ ಅದೂ ತುಂಡಾಗುತ್ತೆ. ರಿಪೇರಿ ಮುಗಿದು ರೆಕ್‌ಎ ಸಾಲು ಚದುರಿದ ಮೇಲೆ ಉಳಿದುಕೊಳ್ಳುತ್ತೆ.

ನೀಲಿಕಾಲೊನಿ:
ಟ್ರಿಪ್ ಬಗ್ಗೆ ಒಂದು ಮಾತು. ಅಲ್ಲಿ ರೆಪ್ರೆಸರ್ ಒಂದೇ ಅಲ್ಲ, ಅಟೆನ್ಯುಯೇಶನ್ (ಶುರುವಾದ ಎಂಆರ್‌ಎನ್‌ಎ ನಕಲನ್ನು ಅರ್ಧದಲ್ಲೇ ನಿಲ್ಲಿಸೋದು) ಅಂತ ಎರಡನೇ ತಡೆ ಇದೆ, ಚಾರ್ಲ್ಸ್ ಯಾನೋಫ್ಸ್ಕಿ ಬಿಡಿಸಿದ್ದು. ಬ್ಯಾಸಿಲಸ್ ಸಬ್ಟಿಲಿಸ್ ಅಂತೂ ಈ ಕೆಲಸಕ್ಕೆ ಡಿಎನ್‌ಎ ಮೇಲೆ ಕೂರುವ ರೆಪ್ರೆಸರ್ ಬಳಸೋದೇ ಇಲ್ಲ. 11 ತುಂಡಿನ ಉಂಗುರದಂಥ ಟ್ರಾಪ್ ಪ್ರೋಟೀನ್ ಎಂಆರ್‌ಎನ್‌ಎಯನ್ನೇ ಸುತ್ತಿಕೊಳ್ಳುತ್ತೆ. ‘ಬ್ಯಾಕ್ಟೀರಿಯಾ ಹೀಗೆ ಮಾಡುತ್ತವೆ’ ಅನ್ನೋ ಮುಂಚೆ ಯಾವ ಬ್ಯಾಕ್ಟೀರಿಯಾ ಅಂತ ಕೇಳಬೇಕು.

ಮೂರನೇಬೆಂಚು:
ಒಂದು ಪೆದ್ದು ಪ್ರಶ್ನೆ. ಬೇಕಾದಾಗ ಜೀನ್ ಆನ್ ಮಾಡೋ ಪ್ರೋಟೀನ್ ಇಟ್ಟುಕೊಂಡರೆ ಆಗಲ್ವಾ? ತಡೆ ಹಾಕಿ ಆಮೇಲೆ ತಡೆ ತೆಗೆಯೋ ಉಸಾಬರಿ ಯಾಕೆ?

ಲೆಕ್ಕದಮೇಷ್ಟ್ರು:
ಪೆದ್ದು ಅಲ್ಲ. ಮೈಕೆಲ್ ಸವಾಜೊ 1970ರ ದಶಕದಲ್ಲಿ ಇದಕ್ಕೆ ಒಂದು ವಾದ ಇಟ್ಟರು. ಅಪರೂಪಕ್ಕೆ ಬೇಕಾಗೋ ಜೀನ್‌ಗೆ ರೆಪ್ರೆಸರ್, ಸದಾ ಬೇಕಾಗೋ ಜೀನ್‌ಗೆ ಆಕ್ಟಿವೇಟರ್. ಯಾಕಂದ್ರೆ ಹೆಚ್ಚು ಹೊತ್ತು ಕೆಲಸದಲ್ಲಿರೋ ಪ್ರೋಟೀನ್ ಕೆಟ್ಟರೆ ಕೂಡಲೇ ನಷ್ಟ ಕಾಣುತ್ತೆ, ಅಂಥ ಮ್ಯುಟೆಂಟ್ ಉಳಿಯೋದಿಲ್ಲ. ಕೆಲಸವಿಲ್ಲದೆ ಇರೋದು ಕೆಟ್ಟರೆ ಯಾರಿಗೂ ಗೊತ್ತೇ ಆಗಲ್ಲ.

ತಕರಾರು:
ಒಳ್ಳೆ ವಾದ, ಆದರೆ ನಿಯಮ ಅಲ್ಲ. ಅರಬಿನೋಸ್ ಆಪೆರಾನ್ ನೋಡಿ. ಅಲ್ಲಿ ಅರಾಸಿ ಅನ್ನೋ ಒಂದೇ ಪ್ರೋಟೀನ್ ಸಕ್ಕರೆ ಇಲ್ಲದಾಗ ಡಿಎನ್‌ಎ ಬಾಗಿಸಿ ತಡೆ ಹಾಕುತ್ತೆ, ಸಕ್ಕರೆ ಬಂದಾಗ ಜಾಗ ಬದಲಿಸಿ ಪಾಲಿಮರೇಸನ್ನು ಕರೆಯುತ್ತೆ. ಅದನ್ನು ಯಾವ ಪಟ್ಟಿಗೆ ಸೇರಿಸ್ತೀರಿ ಮೇಷ್ಟ್ರೇ?

ಲೆಕ್ಕದಮೇಷ್ಟ್ರು:
ಎರಡಕ್ಕೂ.

ಬೆಂಚ್‌ಮೇಲೆ:
ಪ್ರಯೋಗಾಲಯದವರ ಕಷ್ಟ ಯಾರಾದ್ರೂ ಕೇಳ್ರಪ್ಪ. ಲ್ಯಾಕ್ ಪ್ರೊಮೋಟರ್ (ಪಾಲಿಮರೇಸ್ ಬಂದು ಕೂರೋ ಜಾಗ) ಮುಂದೆ ನನ್ನ ಜೀನ್ ಇಟ್ಟು, ಪ್ಲಾಸ್ಮಿಡ್ (ವರ್ಣತಂತುವಿನಿಂದ ಬೇರೆಯಾಗಿರೋ ಪುಟ್ಟ ಡಿಎನ್‌ಎ ಉಂಗುರ) ಹಾಕಿ ಬೆಳೆಸ್ತಿದ್ದೀನಿ. ಐಪಿಟಿಜಿ ಹಾಕಿಲ್ಲ. ಆದರೂ ಪ್ರೋಟೀನ್ ಬರ್ತಿದೆ. ಆ ಪ್ರೋಟೀನ್ ಕೋಶಕ್ಕೆ ವಿಷ, ಕಾಲೊನಿಗಳು ಚುಕ್ಕೆ ಚುಕ್ಕೆ, ಅರ್ಧ ಸತ್ತೇ ಹೋಗ್ತಿವೆ.

ಪೆಟ್ರಿತಟ್ಟೆ:
ಯಾವ ಪ್ಲಾಸ್ಮಿಡ್? ಪಿಯುಸಿ ಥರದ್ದಾ? ಅದರಲ್ಲಿ ಲ್ಯಾಕ್‌ಐ ಇದೆಯಾ?

ಬೆಂಚ್‌ಮೇಲೆ:
ಪಿಯುಸಿ ಥರದ್ದೇ. ಲ್ಯಾಕ್‌ಐ ಇಲ್ಲ. ಆತಿಥೇಯ ಕೋಶದಲ್ಲಿ ಇದೆ, ಮಾಮೂಲಿದು.

ಲೆಕ್ಕದಮೇಷ್ಟ್ರು:
ಅಲ್ಲೇ ಇದೆ ಉತ್ತರ. ಆ ಪ್ಲಾಸ್ಮಿಡ್‌ಗಳು ಕೋಶಕ್ಕೆ ನೂರಾರು ಪ್ರತಿ ಇರುತ್ತವೆ. ಅಂದ್ರೆ ನೂರಾರು ಆಪರೇಟರ್. ಮಾಮೂಲಿ ಕೋಶದಲ್ಲಿ ರೆಪ್ರೆಸರ್ ಹತ್ತು. ಎಲ್ಲವನ್ನೂ ಕಾಯೋದು ಹೇಗೆ? ಹೆಚ್ಚಿನ ಪ್ರತಿಗಳಿಗೆ ಕಾವಲೇ ಇಲ್ಲ.

ನೀಲಿಕಾಲೊನಿ:
ಲ್ಯಾಕ್‌ಐಕ್ಯೂ ಇರೋ ತಳಿಗೆ ಬದಲಾಯಿಸಿ. ಲ್ಯಾಕ್‌ಐನ ಪ್ರೊಮೋಟರ್‌ನಲ್ಲಿ ಒಂದೇ ಅಕ್ಷರ ಬದಲಾಗಿದೆ, ರೆಪ್ರೆಸರ್ ಸುಮಾರು ಹತ್ತು ಪಟ್ಟು ಜಾಸ್ತಿ ಬರುತ್ತೆ. ಅದೂ ಸಾಲದಿದ್ದರೆ ಲ್ಯಾಕ್‌ಐ ಜೀನನ್ನೇ ಹೊತ್ತಿರೋ, ಪ್ರತಿ ಕಮ್ಮಿ ಇರೋ ಪ್ಲಾಸ್ಮಿಡ್‌ಗೆ ಹೋಗಿ. ಪಿಇಟಿ ಸರಣಿಯವು ಆಗುತ್ತವೆ.

ಮಾಧ್ಯಮವನ್ನೂ ನೋಡಿ. ಟ್ರಿಪ್ಟೋನ್ ಥರದ ಪದಾರ್ಥಗಳು ಹಾಲಿನ ಪ್ರೋಟೀನ್‌ನಿಂದ ಬಂದಿದ್ದರೆ ಲ್ಯಾಕ್ಟೋಸ್ ಕುರುಹು ಉಳಿದಿರುತ್ತೆ. ಸ್ಟುಡಿಯರ್ 2005ರಲ್ಲಿ ಇದನ್ನು ತೋರಿಸಿ, ಅದನ್ನೇ ಉಪಯೋಗಕ್ಕೆ ತಂದು ತಾನಾಗೇ ಇಂಡ್ಯೂಸ್ ಆಗೋ ಮಾಧ್ಯಮ ಮಾಡಿದರು. ನಿಮಗೆ ಅದು ಬೇಡವಾದ್ದರಿಂದ 0.5ರಿಂದ 1 ಶೇಕಡಾ ಗ್ಲುಕೋಸ್ ಹಾಕಿ. ರಾತ್ರಿಯಿಡೀ ಬೆಳೆಸೋ ಬದಲು ಹೊತ್ತಿಗೆ ಮುಂಚೆ ತೆಗೆಯಿರಿ.

ಫೇಜ್‌ಪ್ರಿಯ:
ಇಲ್ಲಾಂದ್ರೆ ಟೆಟ್ ವ್ಯವಸ್ಥೆ ನೋಡಿ, ಅದು ತುಂಬಾ ಬಿಗಿ. ಬಿಗಿ ಇರಲೇಬೇಕು ಅದಕ್ಕೆ. ಟೆಟ್‌ಆರ್ ಕಾಯೋ ಜೀನ್ ಟೆಟ್ರಾಸೈಕ್ಲಿನ್‌ನ ಹೊರಗೆ ಪಂಪ್ ಮಾಡೋ ಟೆಟ್‌ಎ. ಆ ಪಂಪ್ ಜಾಸ್ತಿಯಾದರೆ ಕೋಶದ ಪೊರೆಗೇ ಕಷ್ಟ. ತಡವಾದರೆ ಔಷಧಿ ರೈಬೋಸೋಮ್ ಹಿಡಿದು ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತೆ, ಪಂಪ್ ಮಾಡೋಕೂ ಆಗಲ್ಲ. ಹಾಗಾಗಿ ರೈಬೋಸೋಮ್‌ಗಿಂತ ಮೊದಲು ಔಷಧಿಯನ್ನು ಹಿಡಿಯೋದು ಟೆಟ್‌ಆರ್. ಅದಕ್ಕೆ ಬೇಕಾದ ಪ್ರಮಾಣ ತೀರಾ ಕಡಿಮೆ.

ಬೆಂಚ್‌ಮೇಲೆ:
ಸದ್ಯಕ್ಕೆ ಲ್ಯಾಕ್‌ಐಕ್ಯೂ ತಳಿ ಫ್ರೀಜರ್‌ನಲ್ಲಿದೆ, ಅದಕ್ಕೆ ಹಾಕಿ ನೋಡ್ತೀನಿ. ಥ್ಯಾಂಕ್ಸ್. ಇನ್ನೊಂದು, ಐಪಿಟಿಜಿ ಸ್ವಲ್ಪ ಹಾಕಿದರೆ ಎಲ್ಲ ಕೋಶಗಳೂ ಸ್ವಲ್ಪ ಸ್ವಲ್ಪ ಪ್ರೋಟೀನ್ ಮಾಡ್ತವಾ?

ತಕರಾರು:
ಪರ್ಮಿಯೇಸ್ ಇರೋ ತಳಿಯಾದರೆ ನಂಬಬೇಡಿ. ನೋವಿಕ್, ವೀನರ್ ಇಬ್ಬರೂ 1957ರಲ್ಲೇ ತೋರಿಸಿದ್ದಾರೆ. ಇಂಡ್ಯೂಸರ್ ಕಮ್ಮಿ ಇದ್ದಾಗ ಕೆಲವು ಕೋಶ ಪೂರ್ತಿ ಆನ್, ಉಳಿದವು ಪೂರ್ತಿ ಆಫ್. ಸರಾಸರಿ ತೆಗೆದರೆ ಮಾತ್ರ ‘ಸ್ವಲ್ಪ’ ಅಂತ ಕಾಣುತ್ತೆ. ಒಂದು ಕೋಶದಲ್ಲಿ ರೆಪ್ರೆಸರ್ ಎರಡೂ ಕೈ ಬಿಟ್ಟು ಪೂರ್ತಿ ಕಳಚಿಕೊಂಡರೆ ಒಂದೇ ಸಲಕ್ಕೆ ಬಹಳಷ್ಟು ಪರ್ಮಿಯೇಸ್ ಬರುತ್ತೆ, ಇಂಡ್ಯೂಸರ್ ನುಗ್ಗುತ್ತೆ, ಆ ಕೋಶ ಆನ್ ಆಗಿಯೇ ಉಳಿಯುತ್ತೆ. ಒಂದು ಕೈ ಮಾತ್ರ ಬಿಟ್ಟರೆ ಚೂರು ಬಂದು ನಿಲ್ಲುತ್ತೆ. 2008ರಲ್ಲಿ ಸನ್ನಿ ಶೀ ಅವರ ಗುಂಪು ಇದನ್ನು ಒಂದೊಂದೇ ಕೋಶದಲ್ಲಿ ನೋಡಿದೆ. ಒಂದೇ ಸಮ ಬೇಕಂದ್ರೆ ಲ್ಯಾಕ್‌ವೈ ಕೆಟ್ಟಿರೋ ತಳಿ ತಗೊಳ್ಳಿ. ಐಪಿಟಿಜಿ ಪರ್ಮಿಯೇಸ್ ಇಲ್ಲದೇನೂ ಒಳಗೆ ಹೋಗುತ್ತೆ.

ಹಳೇಪುಟ:
ಎಲ್ಲರೂ ಇಷ್ಟು ಹೇಳಿದ ಮೇಲೆ ಅರ್ಧಓದು ಅವರಿಗೆ ಒಂದು ಲೆಕ್ಕ. ಕೋಶದ ವರ್ಣತಂತುವಿನಲ್ಲಿ ಲ್ಯಾಕ್‌ಐ ‘ಎಸ್’ ಮ್ಯುಟೆಂಟ್ ಇದೆ, ಅಂದ್ರೆ ಇಂಡ್ಯೂಸರ್ ಹಿಡಿಯಲಾರದ ರೆಪ್ರೆಸರ್. ಉಳಿದದ್ದೆಲ್ಲ ಅಲ್ಲಿ ಸರಿ. ಜೊತೆಗೊಂದು ಪ್ಲಾಸ್ಮಿಡ್ ಇದೆ. ಅದರಲ್ಲಿ ಲ್ಯಾಕ್‌ಐ ಸರಿ, ಆಪರೇಟರ್ ಕೆಟ್ಟಿದೆ, ರೆಪ್ರೆಸರ್ ಕೂರಲ್ಲ. ಲ್ಯಾಕ್‌ಝಡ್ ಮುರಿದಿದೆ, ಲ್ಯಾಕ್‌ವೈ ಸರಿ. ಲ್ಯಾಕ್ಟೋಸ್ ಹಾಕಿದರೆ ಏನಾಗುತ್ತೆ?

ಅರ್ಧಓದು:
ನೋಡೋಣ. ‘ಎಸ್’ ರೆಪ್ರೆಸರ್ ವರ್ಣತಂತುವಿನ ಆಪರೇಟರ್ ಮೇಲೆ ಕೂತು ಲ್ಯಾಕ್ಟೋಸ್ ಬಂದರೂ ಜಗ್ಗಲ್ಲ. ಪ್ಲಾಸ್ಮಿಡ್‌ನಲ್ಲಿ ಒಳ್ಳೆ ಲ್ಯಾಕ್‌ಐ ಇದ್ದರೂ ಪ್ರಯೋಜನ ಇಲ್ಲ, ಜಾಗ ಹಿಡಿದಿರೋದು ‘ಎಸ್’. ಹಾಗಾಗಿ ಅಲ್ಲಿಯ ಲ್ಯಾಕ್‌ಝಡ್ ಬಂದ್. ಪ್ಲಾಸ್ಮಿಡ್‌ನ ಆಪೆರಾನ್ ಸದಾ ತೆರೆದಿದೆ, ಆದರೆ ಅಲ್ಲಿ ಲ್ಯಾಕ್‌ಝಡ್ ಮುರಿದಿದೆ. ಅಂದ್ರೆ ಪರ್ಮಿಯೇಸ್ ಇದೆ, ಬೀಟಾ-ಗ್ಯಾಲಕ್ಟೊಸಿಡೇಸ್ ಇಲ್ಲದ ಹಾಗೇ. ಲ್ಯಾಕ್ಟೋಸ್ ಒಳಗೆ ಬಂದು ರಾಶಿ ಬೀಳುತ್ತೆ, ಒಡೆಯೋರಿಲ್ಲ?

ಹಳೇಪುಟ:
ಸರಿ. ಈಗ ಪ್ಲಾಸ್ಮಿಡ್‌ನ ಲ್ಯಾಕ್‌ಝಡ್ ಸರಿ ಮಾಡಿ, ಲ್ಯಾಕ್ಟೋಸ್ ತೆಗೆದುಬಿಡಿ.

ಅರ್ಧಓದು:
ಲ್ಯಾಕ್ಟೋಸ್ ಇಲ್ಲದಿದ್ದರೂ ಕಿಣ್ವ ಬರುತ್ತಲೇ ಇರುತ್ತೆ. ಆದರೆ ಪ್ಲಾಸ್ಮಿಡ್ ಜೀನ್‌ನಿಂದ ಮಾತ್ರ. ಕೆಟ್ಟ ಆಪರೇಟರ್ ತನ್ನ ಪಕ್ಕದ ಜೀನ್‌ಗಷ್ಟೇ ಲೆಕ್ಕ, ವರ್ಣತಂತುವಿನ ಜೀನ್ ಬಂದ್ ಆಗಿಯೇ ಇರುತ್ತೆ.

ಮೂರನೇಬೆಂಚು:
ಇವರಿಗೆ ಆ ಅರ್ಧ ಅಂಕ ಕೊಟ್ಟುಬಿಡಿ, ನನ್ನದು.